ಜಮಖಾನದ ಮೇಲೆ ಚೆಲ್ಲಿದ ಎಣ್ಣೆ

 

ನನ್ನನ್ನು ಕರೆದಾಗ, "ನೀನು ಸಾಫ್ಟ್‌ವೇರ್‌ನವಳು, ಎಐ ಬಗ್ಗೆ ಏನಾದರೂ ಹೇಳು" ಅಂದರು. ವಾರದ ಐದು ದಿನವೂ ಆಫೀಸಿನಲ್ಲಿ ಅದೇ ಮಾತು. ಭಾನುವಾರವಾದರೂ ಬೇಡ, ಎಣ್ಣೆ ಕಲೆಯ ಬಗ್ಗೆ ಮಾತಾಡುತ್ತೇನೆ ಅಂದೆ. ಫೋನಿನ ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ನಮ್ಮ ಹಾಲ್‌ನ ಕಾರ್ಪೆಟ್ ಮೇಲೂ ಒಂದಿದೆ, ಬಾ" ಅಂದರು.

ಎರಡು ದೀಪಾವಳಿಯ ಹಿಂದಿನ ಮಾತು. ಅಪ್ಪ ಹೋದ ಮೇಲೆ ಅವ್ವ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ, ಪುಣೆಯ ನಮ್ಮ ಫ್ಲಾಟಿಗೆ ಬಂದಳು. ತಂದದ್ದು ಎರಡು ಸೂಟ್‌ಕೇಸು ಮತ್ತು ಒಂದು ನವಲಗುಂದದ ಜಮಖಾನ. ಧಾರವಾಡ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಅಲ್ಲಿಯ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಹತ್ತಿ ನೂಲಿನಿಂದ ನೇಯುವ ನೆಲಹಾಸು ಅದು. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಮ್ಮದರಲ್ಲಿ ಕೆಂಪು ನೆಲ, ನಡುವೆ ಬಿಳಿ ನವಿಲುಗಳು.

ಹಬ್ಬದ ಸಂಜೆ ಅವ್ವ ಅದರ ಮೇಲೆ ಕೂತು ಹಣತೆಗಳಿಗೆ ಎಣ್ಣೆ ಹಾಕುತ್ತಿದ್ದಳು. ಈಚೆಗೆ ಅವಳ ಕೈ ಸ್ವಲ್ಪ ನಡುಗುತ್ತದೆ. ಎಳ್ಳೆಣ್ಣೆಯ ಬಾಟಲಿ ಜಾರಿತು. ಇನ್ನರ್ಧ ಗಂಟೆಯಲ್ಲಿ ನನ್ನ ಟೀಮಿನವರು ಊಟಕ್ಕೆ ಬರುವವರಿದ್ದರು. "ನೋಡಿಕೊಂಡು ಮಾಡೋಕೆ ಆಗಲ್ವಾ ಅವ್ವಾ?" ಅಂತ ಕೂಗಿಬಿಟ್ಟೆ. ಕುದಿಯುವ ನೀರು ಸುರಿದೆ, ಮುಷ್ಟಿ ತುಂಬ ವಾಷಿಂಗ್ ಪೌಡರ್ ಹಾಕಿದೆ, ಬ್ರಷ್ ಹಿಡಿದು ತಿಕ್ಕಿದೆ. ಅಂಗೈಯಗಲದ ಕಲೆ ಊಟದ ತಟ್ಟೆಯಗಲ ಆಯಿತು. ಕೆಂಪು ಬಣ್ಣ ಬಿಟ್ಟು ಎರಡು ನವಿಲು ಗುಲಾಬಿಯಾದವು.

ಅವ್ವ ಏನೂ ಅನ್ನಲಿಲ್ಲ. ಮರುದಿನದಿಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರತೊಡಗಿದಳು. ಊಟ ಅಡುಗೆಮನೆಯ ಕಟ್ಟೆಯ ಹತ್ತಿರ, ನಿಂತುಕೊಂಡೇ. ದೇವರ ದೀಪಕ್ಕೆ ಎಣ್ಣೆ ಹಾಕುವುದು ಬಾಲ್ಕನಿಯಲ್ಲಿ. ಇದು ನನ್ನ ಗಮನಕ್ಕೆ ಬರಲು ನಾಲ್ಕು ದಿನ ಬೇಕಾಯಿತು.

ನಾನು ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಕೆಮಿಸ್ಟ್ರಿ ಪಿಯುಸಿಗೇ ಮುಗಿದಿತ್ತು. ಆದರೆ ಸಿಸ್ಟಂ ಬಿದ್ದ ಮೇಲೆ ಕಾರಣ ಹುಡುಕುವುದು ನಮ್ಮ ಕಸುಬು. ಹುಡುಕಿದೆ. ಎಣ್ಣೆ ಬಿದ್ದಾಗ ಅದಿನ್ನೂ ನೂಲಿನ ಮೇಲೆ ದ್ರವವಾಗಿಯೇ ಇರುತ್ತದೆ. ಆಗ ಬೇಕಾದ್ದು ಅದನ್ನು ಹೀರುವ ವಸ್ತು, ತೊಳೆಯುವ ವಸ್ತುವಲ್ಲ. ನೀರಿಗೂ ಎಣ್ಣೆಗೂ ಆಗಿಬರುವುದಿಲ್ಲ. ಮೊದಲೇ ನೀರು ಸುರಿದರೆ ಎಣ್ಣೆ ಹರಡುತ್ತದೆ ಅಷ್ಟೆ. ತಿಕ್ಕಿದರೆ ನೂಲಿನ ಒಳಕ್ಕೆ ಇಳಿಯುತ್ತದೆ. ಬಿಸಿನೀರು ಎಣ್ಣೆಗೆ ಒಳ್ಳೆಯದೇ, ಆದರೆ ಬಣ್ಣ ಗಟ್ಟಿಯಿಲ್ಲದ ಬಟ್ಟೆಗೆ ಶತ್ರು. ವಾಷಿಂಗ್ ಪೌಡರ್‌ನ ಕ್ಷಾರ ಇನ್ನೊಂದು. ನಾನು ಒಂದೇ ಸಲಕ್ಕೆ ಎಲ್ಲ ತಪ್ಪನ್ನೂ ಮಾಡಿದ್ದೆ.

ಕ್ಷಮಿಸು ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ಐದನೆಯ ದಿನ ಜಮಖಾನ ಹಾಸಿ, "ಅವ್ವಾ, ಎಣ್ಣೆ ಹೀರೋಕೆ ಯಾವ ಹಿಟ್ಟು ಹಾಕಲಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿದಳು. "ಅಕ್ಕಿಹಿಟ್ಟು ಹಾಕವಾ. ಕಡ್ಲಿಹಿಟ್ಟು ಬ್ಯಾಡ, ಹಳದಿ ಹಿಡೀತದ" ಅಂದಳು. ಕುರ್ಚಿ ಬಿಟ್ಟು ಕೆಳಗೆ ಬಂದು ಕೂತಳು.

ಜಮಖಾನಕ್ಕೆ ಎಳೆಗಳ ಜೊಂಪೆ ಇಲ್ಲ, ಎರಡೂ ಕಡೆ ಒಂದೇ. ಹಾಗಾಗಿ ಎಣ್ಣೆ ಆಚೆಗೂ ಇಳಿದಿರುತ್ತದೆ. ಕೆಳಗೆ ಹಳೆಯ ಬಿಳಿ ಟವೆಲ್ ಹಾಕಿ, ಮೇಲೆ ಅಕ್ಕಿಹಿಟ್ಟು ದಪ್ಪಗೆ ಹರಡಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಹಿಟ್ಟು ಗಂಟು ಕಟ್ಟಿತ್ತು. ಅಂದರೆ ಎಣ್ಣೆ ಕುಡಿದಿದೆ ಅಂತ. ಗುಡಿಸಿ ಮತ್ತೆ ಹಾಕಿದೆವು. ಕಾರ್ನ್‌ಫ್ಲೋರ್, ಟಾಲ್ಕಂ ಪೌಡರ್ ಕೂಡ ನಡೆಯುತ್ತವೆ. ಮುಲ್ತಾನಿ ಮಿಟ್ಟಿ ಚೆನ್ನಾಗಿ ಹೀರುತ್ತದೆ, ಆದರೆ ತಿಳಿಬಣ್ಣದ ಹಾಸಿಗೆ ಬೇಡ.

ಆಮೇಲೆ ಬಣ್ಣದ ಪರೀಕ್ಷೆ. ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚವನ್ನು ಒಂದು ಲೋಟ ತಣ್ಣೀರಿನಲ್ಲಿ ಕಲಸಿ, ಬಿಳಿ ಬಟ್ಟೆಯನ್ನು ಅದ್ದಿ ಹಿಂಡಿ, ಕಾಣದ ಮೂಲೆಯಲ್ಲಿ ಐದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ನಮ್ಮದು ತಣ್ಣೀರಿಗೆ ಅಷ್ಟಾಗಿ ಬಿಡಲಿಲ್ಲ. ಅದೇ ಬಟ್ಟೆಯಿಂದ ಕಲೆಯ ಅಂಚಿನಿಂದ ಒಳಕ್ಕೆ ಒತ್ತುತ್ತಾ ಹೋದೆವು, ತಿಕ್ಕಲಿಲ್ಲ. ಲಿಕ್ವಿಡ್‌ನ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಮದುವೆಯ ದಲ್ಲಾಳಿಯ ಹಾಗೆ. ಕೆಲಸ ಮುಗಿದ ಮೇಲೆ ದಲ್ಲಾಳಿಯನ್ನು ಕಳಿಸಿಬಿಡಬೇಕು. ಸೋಪು ಉಳಿದರೆ ಅದೇ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಸಾದಾ ನೀರಿನ ಬಟ್ಟೆಯಿಂದ ಮೂರ್ನಾಲ್ಕು ಸಲ ಒತ್ತಿ, ಒಣ ಟವೆಲ್ ಹಾಕಿ, ಮೇಲೆ ನನ್ನ ಎಂ.ಟೆಕ್ ಪುಸ್ತಕಗಳನ್ನು ಪೇರಿಸಿದೆ. ಇಲ್ಲದಿದ್ದರೆ ಒಣಗುವಾಗ ನೀರಿನ ಜೊತೆ ಉಳಿದ ಎಣ್ಣೆಯೂ ಮೇಲಕ್ಕೆ ಬಂದು ಕಲೆ ಮತ್ತೆ ಕಾಣಿಸುತ್ತದೆ. ಪೂರ್ತಿ ಹೋಗುವವರೆಗೂ ಇಸ್ತ್ರಿ, ಹೇರ್ ಡ್ರೈಯರ್ ಬೇಡ. ಶಾಖಕ್ಕೆ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ.

ನಿಮ್ಮ ಮನೆಯ ಹಾಸು ಯಾವುದರದು ಎಂದು ಮೊದಲು ನೋಡಿ. ಉಣ್ಣೆ ನಮ್ಮ ಕೂದಲಿನ ಜಾತಿಯದು. ಸೋಡಾ, ಬಿಸಿನೀರು ಎರಡೂ ಆಗದು. ಸೆಣಬು ನೀರು ತಾಗಿದರೆ ಕಂದುತ್ತದೆ, ಹಿಟ್ಟಿಗೇ ಮುಗಿಸಿ. ಹಿಂಬದಿಗೆ ರಬ್ಬರಿನ ಅಂಟು ಇದ್ದರೆ ಸ್ಪಿರಿಟ್ ಹಾಕಬೇಡಿ, ಅಂಟೇ ಬಿಡುತ್ತದೆ. ರೇಷ್ಮೆಯದಾದರೆ ತಿಳಿದವರಿಗೆ ಕೊಡಿ. ಸೀಮೆಎಣ್ಣೆಯ ಉಪಾಯ ಹೇಳುವವರು ಇಲ್ಲಿ ಇದ್ದೇ ಇರುತ್ತೀರಿ. ಫ್ಲಾಟಿನಲ್ಲಿ, ಅದೂ ದೀಪದ ಹಬ್ಬದಲ್ಲಿ, ದಯವಿಟ್ಟು ಬೇಡ.

ಇನ್ನು ನಮ್ಮ ಒಗ್ಗರಣೆ, ಉಪ್ಪಿನಕಾಯಿ. ಅರಿಶಿನದ ಎಣ್ಣೆಗೆ ಸೋಪು ತಾಗಿದರೆ ಕಲೆ ಕೆಂಪಾಗುತ್ತದೆ. ಗಾಬರಿಯಾಗಬೇಡಿ, ಕುಂಕುಮ ಅರಿಶಿನ ಮತ್ತು ಸುಣ್ಣದಿಂದ ಆಗುವುದೂ ಹಾಗೆಯೇ. ಎಣ್ಣೆ ತೆಗೆದ ಮೇಲೆ ಉಳಿದ ಹಳದಿಯನ್ನು ಬಿಸಿಲು ತಿನ್ನುತ್ತದೆ. ಒಂದೆರಡು ಗಂಟೆ ಸಾಕು, ಹೆಚ್ಚಾದರೆ ಹಾಸಿನ ಬಣ್ಣವನ್ನೂ ತಿನ್ನುತ್ತದೆ.

ನಮ್ಮ ಜಮಖಾನದ ಎಣ್ಣೆ ಮೂರು ಸರತಿಗೆ ಹೋಯಿತು. ಆ ಎರಡು ನವಿಲು ಮಾತ್ರ ಇವತ್ತಿಗೂ ಗುಲಾಬಿ. ಯಾರಾದರೂ ಕೇಳಿದರೆ ಅವ್ವ, "ಅವು ನನ್ನ ಮಗಳು ಬಣ್ಣ ಹಚ್ಚಿದ್ದು" ಅನ್ನುತ್ತಾಳೆ. ಹೋದ ತಿಂಗಳು ನನ್ನ ಮಗಳು ಅದರ ಮೇಲೆ ಕೂತು ಮಾವಿನ ಉಪ್ಪಿನಕಾಯಿ ಚೆಲ್ಲಿ, ಬೆದರಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಕ್ಕಿಹಿಟ್ಟಿನ ಡಬ್ಬಿ ತಂದಿದ್ದಳು.

ಈಗ ಪ್ರಶ್ನೆ ಕೇಳಿ. ಸೋಫಾದ ಬಗ್ಗೆ ಮಾತ್ರ ಕೇಳಬೇಡಿ, ನಮ್ಮ ಮನೆಯಲ್ಲಿ ಅದಿಲ್ಲ.