ಕಿವಿಮೊರೆತದೊಂದಿಗೆ ನನ್ನ ಬದುಕು



ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಿರಿ ಎಂದು ಕಾರ್ಯದರ್ಶಿಯವರು ಕೇಳಿದಾಗ, ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ ಎಂದೆ. "ನಿಮಗೆ ಗೊತ್ತಿರುವುದನ್ನೇ ಹೇಳಿರಿ" ಎಂದರು. ನನಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ ಒಂದೇ. ಇಲ್ಲಿ ನಿಮಗೆ ಯಾರಿಗೂ ಕೇಳಿಸದ ಒಂದು ಸದ್ದು ಈಗಲೂ ನನಗೆ ಕೇಳಿಸುತ್ತಿದೆ. ಮೂರು ವರ್ಷಗಳಿಂದ ಅದು ನಿಂತಿಲ್ಲ.

ಇದನ್ನು ವೈದ್ಯರು ಟಿನಿಟಸ್ ಎನ್ನುತ್ತಾರೆ. ಕನ್ನಡದಲ್ಲಿ ಕಿವಿಮೊರೆತ, ಉರ್ದುವಿನಲ್ಲಿ ಕಾನ್ ಬಜ್‌ನಾ. ಆದರೆ ನಮ್ಮ ಮನೆಗಳಲ್ಲಿ 'ತೇರೆ ಕಾನ್ ಬಜ್ ರಹೇ ಹೈಂ' ಎಂದರೆ ಇಲ್ಲದ್ದನ್ನು ಕೇಳಿಸಿಕೊಂಡೆ ಎಂಬ ಗೇಲಿ. ನಾವು ಗೇಲಿ ಮಾಡುವ ಈ ಸಂಗತಿ ನಿಜವಾದ ಕಾಯಿಲೆಯೆಂದು ಹಕೀಮರಿಗೆ ಹಿಂದೆಯೇ ತಿಳಿದಿತ್ತು. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಕಿವಿಯ ಕಾಯಿಲೆಗಳ ಜೊತೆ ಇದನ್ನೂ ವಿವರಿಸಿದ್ದಾರೆ.

ಸದ್ದು ಒಂದೇ ಸಮನೆ ಇದ್ದಿದ್ದರೆ ಬೇಗ ರೂಢಿಯಾಗುತ್ತಿತ್ತೇನೋ. ನನ್ನದು ದಿನಕ್ಕೊಂದು ಬಗೆ. ಸೋಮವಾರ ದೂರದ ಜೀರುಂಡೆಯಂತೆ, ಮಂಗಳವಾರ ನಿಲ್ಲದ ಕುಕ್ಕರ್ ಸೀಟಿಯಂತೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನವೂ ಬಸ್ಸಿನಲ್ಲಿ ಹೋಗುತ್ತೇನೆ. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದರೆ ಎಂಜಿನ್ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಶಾಲೆ ತಲುಪಿ, ಮಕ್ಕಳು ಉಕ್ತಲೇಖನಕ್ಕೆ ಸುಮ್ಮನೆ ಕುಳಿತಾಗ ಮತ್ತೆ ಎದ್ದು ಬರುತ್ತದೆ. ಹೆಚ್ಚಾದ ದಿನ ಯಾರಿಗಾದರೂ ಹೇಳಿದರೆ, "ನಿನ್ನೆ ಚೆನ್ನಾಗಿಯೇ ಇದ್ದಿರಲ್ಲ ಸರ್?" ಎನ್ನುತ್ತಿದ್ದರು. ಹಾಗಾಗಿ ಹೇಳುವುದನ್ನೇ ಬಿಟ್ಟೆ.

ಆಮೇಲೆ ಕಾರಣ ಹುಡುಕಲು ಹೊರಟೆ. ಚಹಾ ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ. ದಿನಚರಿಯಲ್ಲಿ ಸದ್ದಿಗೆ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿದೆ. ಫಜ್ರ್‌ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ, ಇಂದು ಎಷ್ಟಿದೆ ಎಂದು ಕಿವಿಗೊಡುವುದು. ಎಂಟು ಇದ್ದರೆ ಇಡೀ ದಿನ ಹಾಳು. ಈ ಕೆಲಸ ನನ್ನಿಂದಾಗದು, ಶಾಲೆ ಬಿಡೋಣ ಎಂದು ಮನೆಯವರ ಮುಂದೆ ಹೇಳಿಯೂ ಬಿಟ್ಟಿದ್ದೆ.

ಕಿವಿ ಪರೀಕ್ಷಿಸಿದ ಶ್ರವಣ ತಜ್ಞರು ದಿನಚರಿ ನೋಡಿ, "ಮೊದಲು ಇದನ್ನು ನಿಲ್ಲಿಸಿರಿ" ಎಂದರು. ಅವರು ವಿವರಿಸಿದ್ದು ಹೀಗೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸುಮಾರು 15,000 ಸೂಕ್ಷ್ಮ ಕೇಶಕೋಶಗಳಿವೆ. ಅವು ಹಾಳಾದರೆ ಮತ್ತೆ ಬೆಳೆಯುವುದಿಲ್ಲ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಆಗ ಒಳಗಿನ ಗುಂಯ್‌ಗುಡುವಿಕೆಯೇ ಕೇಳಿಸತೊಡಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. 1953ರಲ್ಲಿ ಅಮೆರಿಕದಲ್ಲಿ ಶ್ರವಣ ಸರಿಯಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದಾಗ, ನೂರಕ್ಕೆ 94ರಷ್ಟು ಮಂದಿ ಏನೋ ಸದ್ದು ಕೇಳಿಸಿತೆಂದರು. ಕಿವಿಗೊಟ್ಟಷ್ಟೂ ಅದು ಕೇಳಿಸುತ್ತದೆ. ನಿದ್ದೆಗೆಟ್ಟಾಗ, ಚಿಂತೆಯಲ್ಲಿದ್ದಾಗ, ಸುತ್ತ ಮೌನವಿದ್ದಾಗ ಹೆಚ್ಚೆನಿಸುತ್ತದೆ. ಹಗಲಲ್ಲಿ ಕಾಣದ ದೀಪ ರಾತ್ರಿ ಕಣ್ಣು ಕುಕ್ಕುವುದಿಲ್ಲವೇ, ಹಾಗೆ.

ಇದನ್ನು ಪೂರ್ತಿ ಅಳಿಸುವ ಔಷಧ ಇನ್ನೂ ಇಲ್ಲ. ಆದರೆ ಶ್ರವಣ ಕಡಿಮೆಯಿದ್ದವರಿಗೆ ಶ್ರವಣಯಂತ್ರ ನೆರವಾಗುತ್ತದೆ. ಸದ್ದಿನ ಬಗೆಗಿನ ಭಯ ಬಿಡಿಸುವ ಮನೋಚಿಕಿತ್ಸೆಯಿಂದ ಅದರ ಕಾಟ ಕಡಿಮೆಯಾಗುತ್ತದೆ. ನಾನು ಅಂಕ ಹಾಕುವುದನ್ನು ನಿಲ್ಲಿಸಿದೆ. ರಾತ್ರಿ ಫ್ಯಾನ್ ಅಥವಾ ಸಣ್ಣಗೆ ರೇಡಿಯೋ ಹಾಕಿ ಮಲಗುತ್ತೇನೆ. ಹೆಚ್ಚಿದ ದಿನ ಉಕ್ತಲೇಖನದ ಬದಲು ಬೋರ್ಡಿನ ಮೇಲೆ ಬರೆಸುತ್ತೇನೆ. "ಇವತ್ತು ಸ್ವಲ್ಪ ಜೋರಾಗಿ ಮಾತಾಡಿ" ಎಂದು ಮಕ್ಕಳಿಗೇ ಹೇಳುತ್ತೇನೆ. ಅವರು ನಗಲಿಲ್ಲ. ದೊಡ್ಡವರಿಗಿಂತ ಬೇಗ ಅರ್ಥಮಾಡಿಕೊಂಡರು.

ಈಗ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಕೇಳಿದ್ದೊಂದು, ಅವನು ಹೇಳುವುದೊಂದು. ಗಮನವಿಲ್ಲವೆಂದು ಎಷ್ಟೋ ಸಲ ನಿಲ್ಲಿಸಿದ್ದೇನೆ. ಒಂದು ದಿನ ಸದ್ದು ಜೋರಾಗಿದ್ದಾಗ ಸಭೆಯಲ್ಲಿ ನಾನೇ ಕೇಳಿದ್ದೊಂದಕ್ಕೆ ಹೇಳಿದ್ದೊಂದು, ಎಲ್ಲರೂ ನಕ್ಕರು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಹುಡುಗನ ಮುಖ ಕಣ್ಣೆದುರು ಬಂತು. ಮರುದಿನ ಹತ್ತಿರ ಕರೆದು ವಿಚಾರಿಸಿದೆ. ಚಿಕ್ಕಂದಿನಿಂದ ಅವನ ಕಿವಿ ಸೋರುತ್ತಿತ್ತು. ಮನೆಯಲ್ಲಿ ಎಣ್ಣೆ ಬಿಡುತ್ತಿದ್ದರು. ವೈದ್ಯರಿಗೆ ತೋರಿಸಿದ ಮೇಲೆ ಚಿಕಿತ್ಸೆ ನಡೆದಿದೆ, ಮೊದಲ ಬೆಂಚಿಗೆ ಬಂದಿದ್ದಾನೆ. ಆದರೆ ಅವನು ನಿಂತು ಕಳೆದ ದಿನಗಳನ್ನು ನಾನು ಹಿಂದಿರುಗಿಸಲಾರೆ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ: ಮಗುವನ್ನು ದಡ್ಡನೆನ್ನುವ ಮೊದಲು ಅದರ ಕಿವಿ ಪರೀಕ್ಷಿಸಿಸಿರಿ. ಬೀದರಿನ ಬ್ರಿಮ್ಸ್ ಆಸ್ಪತ್ರೆಯಿದೆ. ಹೆಚ್ಚಿನ ಪರೀಕ್ಷೆಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಒಂದೇ ಕಿವಿಯಲ್ಲಿ ಸದ್ದಿದ್ದರೆ, ನಾಡಿಯ ಬಡಿತದಂತೆ ಕೇಳಿಸಿದರೆ, ತಲೆಸುತ್ತು ಬಂದರೆ ತಡಮಾಡದೆ ತಜ್ಞರಿಗೆ ತೋರಿಸಿರಿ. ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ ಅದೇ ದಿನ ಹೋಗಿರಿ. ಕಿವಿಗೆ ಎಣ್ಣೆ, ಕಡ್ಡಿ, ಪಿನ್ನು ಬೇಡ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರ ತಂದೆ, ಅಣ್ಣಂದಿರು ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟುತ್ತಾರೆ. ತಗಡಿನ ಮೇಲೆ ಬೀಳುವ ಸುತ್ತಿಗೆಯ ಪೆಟ್ಟು ಕಿವಿಯ ಮೇಲೂ ಬೀಳುತ್ತದೆ. ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಲು ಅವರಿಗೆ ಹೇಳಿರಿ. ದಿನಗೂಲಿಯ ಮುಂದೆ ಅದರ ಬೆಲೆ ಬಹಳ ಕಡಿಮೆ. ನಿಮ್ಮ ಇಯರ್‌ಫೋನ್ ವಿಷಯವೂ ಅಷ್ಟೇ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ನಾಲ್ಕೇ ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಂದು ನನ್ನ ಸದ್ದು ಎಷ್ಟಿದೆ ಎಂದು ನೀವು ಕೇಳಬಹುದು. ಇದೆ. ಎಷ್ಟೆಂದು ನಾನು ಅಳೆದಿಲ್ಲ. ನಾಳೆ ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ಎರಡೂ ದಿನ ಎಂಟು ಗಂಟೆಯ ಬಸ್ಸಿಗೆ ನಾನು ಹೊರಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಸದ್ದು ಕೇಳಿಸುತ್ತಿದ್ದರೆ ಮುಚ್ಚಿಡಬೇಡಿರಿ. ಸಭೆ ಮುಗಿದ ಮೇಲೆ ಬಂದು ಹೇಳಿರಿ, ನಾನು ನಂಬುತ್ತೇನೆ.