ಆಮೆಯ ತೊಟ್ಟಿಯ ನೀರು



ಮನೆಯಲ್ಲಿ ಆಮೆಯನ್ನು ಸಾಕತಕ್ಕವರು ಹಿಂದೆ ನಮ್ಮಲ್ಲಿ ವಿರಳ. ದೇವಸ್ಥಾನದ ಕಲ್ಯಾಣಿಯಲ್ಲಿ ಅದನ್ನು ಕಂಡು, ಕೂರ್ಮಾವತಾರವನ್ನು ನೆನೆದು, ಒಂದು ಹಿಡಿ ಪುರಿಯನ್ನು ಎಸೆದು ಬರುತ್ತಿದ್ದುದುಂಟು; ಸಂಬಂಧ ಅಷ್ಟಕ್ಕೆ ಮುಗಿಯುತ್ತಿತ್ತು. ಈಗ ಹಾಗಲ್ಲ. ಬೆಂಗಳೂರಿನ ಉತ್ತರಕ್ಕಿರುವ ನಮ್ಮ ವಿದ್ಯಾರಣ್ಯಪುರದಲ್ಲಿ, ನಾವು ಬಲ್ಲ ನಾಲ್ಕೈದು ಮನೆಗಳ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯುಂಟು, ತೊಟ್ಟಿಯಲ್ಲಿ ಆಮೆಯುಂಟು, ಅದರ ಸುತ್ತ ಒಂದು ವಾಸನೆಯೂ ಉಂಟು. ಆ ವಾಸನೆಯ ವಿಷಯವಾಗಿಯೇ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಕಾಲೇಜಿನಲ್ಲಿ ನಾವು ಪಾಠ ಹೇಳುವುದು ಇಂಗ್ಲಿಷ್ ಸಾಹಿತ್ಯವನ್ನು. ನೀರಿನ ವಿಷಯದಲ್ಲಿ ನಮಗಿರುವ ಅಲ್ಪ ಜ್ಞಾನವೆಲ್ಲ ಒಂದು ತಪ್ಪಿನಿಂದ ಬಂದದ್ದು.

ನಮ್ಮ ಸೋದರಳಿಯನಿಗೆ ಯಾರೋ ಹುಟ್ಟುಹಬ್ಬದ ಉಡುಗೊರೆಯಾಗಿ ಆಮೆಯ ಮರಿಯೊಂದನ್ನು ಕೊಟ್ಟರು. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಕಣ್ಣಿನ ಹಿಂದೆ ಕುಂಕುಮವಿಟ್ಟಂತೆ ಒಂದು ಕೆಂಪು ಪಟ್ಟೆ. ರೆಡ್ ಇಯರ್ಡ್ ಸ್ಲೈಡರ್ ಎಂಬ ಈ ಜಾತಿಯ ತವರು ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ನಮ್ಮ ಕೆರೆಗಳ ಆಮೆಯನ್ನಾಗಲಿ, ಕೋಲಾರದ ಕಡೆಯ ಕುರುಚಲು ಕಾಡಿನ ನಕ್ಷತ್ರದ ಆಮೆಯನ್ನಾಗಲಿ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಆದುದರಿಂದ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಈ ಪರದೇಶಿಯೇ. ಮರಿ ಬೆಳೆಯಿತು. ಇಪ್ಪತ್ತು ಲೀಟರಿನ ತೊಟ್ಟಿ ಬಂದಿತು, ಅದಕ್ಕೊಂದು ಫಿಲ್ಟರೂ ಬಂದಿತು. ಆದರೂ ನಾರುತ್ತಿತ್ತು.

ಒಂದು ಭಾನುವಾರ ನಾವೇ ಸೊಂಟಕಟ್ಟಿ ನಿಂತೆವು. ನೀರನ್ನೆಲ್ಲ ಚೆಲ್ಲಿ, ಗಾಜನ್ನು ಉಜ್ಜಿ, ಫಿಲ್ಟರಿನ ಕಂದುಬಣ್ಣದ ಸ್ಪಂಜನ್ನು ಕಾವೇರಿ ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ಹೊಸದರಂತೆ ಮಾಡಿದೆವು. ನೀರು ಸ್ಫಟಿಕದಂತಿತ್ತು. ಮೂರನೆಯ ದಿನ ಅದು ಅಕ್ಕಿ ತೊಳೆದ ನೀರಿನಂತಾಯಿತು. ಆಮೆ ಆಹಾರ ಬಿಟ್ಟಿತು. ವಾರ ಕಳೆಯುವುದರೊಳಗೆ ಕಣ್ಣುಗಳು ಊದಿ ಮುಚ್ಚಿಕೊಂಡವು. ಹುಡುಗ ಶಾಲೆಗೆ ಹೋಗಲೊಲ್ಲ. ನಮ್ಮ ತಂಗಿ, “ಅಣ್ಣಾ, ಇದನ್ನು ನರಸೀಪುರದ ಕೆರೆಗೆ ಬಿಟ್ಟುಬಿಡೋಣ. ಅದಕ್ಕೂ ಬಿಡುಗಡೆ, ನಮಗೂ ಬಿಡುಗಡೆ” ಎಂದಳು. ಒಂದು ಕ್ಷಣ ನಮಗೂ ಅದೇ ಸರಿಯೆನಿಸಿತು. ಆದರೆ ಮೊದಲು ಪಶುವೈದ್ಯರ ಬಳಿಗೆ ಹೋದೆವು. ಅವರು ಔಷಧಕ್ಕೆ ಮೊದಲು ಕೇಳಿದ್ದು, “ಸ್ಪಂಜನ್ನು ಯಾವ ನೀರಿನಲ್ಲಿ ತೊಳೆದಿರಿ, ಸ್ವಾಮಿ?” ಎಂದು. ನಾವು ಹೆಮ್ಮೆಯಿಂದಲೇ ಉತ್ತರ ಕೊಟ್ಟೆವು. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಕಾರಣವಿಷ್ಟೆ. ಆಮೆ ಉಣ್ಣುವುದೂ ನೀರಿನಲ್ಲಿ, ವಿಸರ್ಜಿಸುವುದೂ ನೀರಿನಲ್ಲಿ. ಆ ಮಲಮೂತ್ರ, ತಿಂದುಳಿದ ಚೂರುಗಳು ಕೊಳೆತಾಗ ಹುಟ್ಟುವುದು ಅಮೋನಿಯ. ಇದು ಕಣ್ಣಿಗೆ ಕಾಣುವುದಿಲ್ಲ. ತಿಳಿಯಾದ ನೀರಿನಲ್ಲಿಯೂ ಇರಬಹುದು. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದುದರಿಂದ ಮೀನಿನಂತೆ ಒಡನೆ ಸಾಯದು. ಕಣ್ಣು, ಚರ್ಮ ಉರಿದು ದಿನದಿನಕ್ಕೆ ಕುಗ್ಗುತ್ತದೆ. ಈ ಅಮೋನಿಯವನ್ನು ಉಂಡು ನೈಟ್ರೈಟ್ ಆಗಿ ಮಾಡುವ ಒಂದು ಬಗೆಯ ಸೂಕ್ಷ್ಮಜೀವಿಗಳುಂಟು. ಅದನ್ನು ಮತ್ತೆ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಮಾಡುವ ಬೇರೊಂದು ಬಗೆಯವೂ ಉಂಟು. ಅವು ನೆಲೆಯೂರುವುದು ಆ ಕೊಳಕು ಸ್ಪಂಜಿನಲ್ಲಿಯೇ; ಪೂರ್ಣವಾಗಿ ಬೆಳೆಯಲು ಒಂದೂವರೆ ತಿಂಗಳಾದರೂ ಬೇಕಾದೀತು. ನಲ್ಲಿಯ ನೀರಿಗೆ ಬೆರೆಸುವ ಕ್ಲೋರಿನ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆ. ಕೊಳೆಯನ್ನು ತೊಳೆದೆವೆಂದು ನಾವು ತಿಳಿದೆವು, ತೊಳೆದದ್ದು ತೋಟಿಗಳನ್ನು.

ಈ ತತ್ತ್ವಕ್ಕೂ ನಮ್ಮ ಊರಿಗೂ ಒಂದು ಹಳೆಯ ನಂಟಿದೆ. ಚರಂಡಿಯ ನೀರಿಗೆ ಗಾಳಿಯೂದಿ, ತಳದಲ್ಲಿ ಕುಳಿತ ಕೆಸರನ್ನು ಚೆಲ್ಲದೆ ಮುಂದಿನ ನೀರಿಗೆ ಸೇರಿಸುತ್ತ ಹೋದರೆ ಶುದ್ಧಿ ಬಹು ಬೇಗನೆ ಆಗುತ್ತದೆಂದು ಮ್ಯಾಂಚೆಸ್ಟರಿನ ಆರ್ಡರ್ನ್, ಲಾಕೆಟ್ ಎಂಬಿಬ್ಬರು 1914ರಲ್ಲಿ ತೋರಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು, ಯಶವಂತಪುರಕ್ಕೆ ಸಮೀಪದ ತಾತಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರಾಧ್ಯಾಪಕರಾದರು. ಇಂದು ಜಕ್ಕೂರಿನ ಕೆರೆಗೆ ಬರುವ ನೀರು ಶುದ್ಧೀಕರಣ ಘಟಕವನ್ನು ದಾಟಿ, ಆಪಿನ ಜೌಗಿನಲ್ಲಿ ಹಾಯ್ದು ಸೇರುವುದೂ ಇದೇ ನ್ಯಾಯದ ಮೇಲೆ. ಅಲ್ಲಿ ಕೋಟಿಗಟ್ಟಲೆ ಲೀಟರಿನ ಕೆಲಸ. ನಮ್ಮಲ್ಲಿ ಒಂದು ತುಂಡು ಸ್ಪಂಜಿನದು.

ಇನ್ನು ಅನುಷ್ಠಾನದ ಮಾತು. ಎಲ್ಲಕ್ಕಿಂತ ಮುಖ್ಯ ನೀರಿನ ಪ್ರಮಾಣ. ಚಿಪ್ಪಿನ ಉದ್ದ ಅಂಗುಲಕ್ಕೆ ಸುಮಾರು 40 ಲೀಟರು ಎಂಬುದು ಸಾಕುವವರ ಲೆಕ್ಕ. ನಮ್ಮ ಇಪ್ಪತ್ತು ಲೀಟರು ಒಂದು ಅಂಗುಲಕ್ಕೂ ಸಾಲದಾಗಿತ್ತು! ಫಿಲ್ಟರನ್ನು ಕೊಳ್ಳುವಾಗ ತೊಟ್ಟಿಯ ಎರಡು ಮೂರರಷ್ಟು ಅಳತೆಯದನ್ನು ಕೊಳ್ಳಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದ ನೀರನ್ನು ಮಾತ್ರ ತೆಗೆದು, ಹಾಗೆ ತೆಗೆದ ಹಳೆಯ ನೀರಿನಲ್ಲಿಯೇ ಸ್ಪಂಜನ್ನು ಒಮ್ಮೆ ಅದ್ದಿ ಹಿಂಡಿದರೆ ಸಾಕು. ಹೊಸ ನೀರನ್ನು ಹಿಂದಿನ ದಿನವೇ ಅಗಲವಾದ ಬಕೆಟಿನಲ್ಲಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಕೊಳವೆಬಾವಿಯ ನೀರಿಗೆ ಆ ತೊಂದರೆಯಿಲ್ಲ. ಆದರೆ ಕ್ಷಾರ ಹೆಚ್ಚಿದ ನೀರಿನಲ್ಲಿ ಅಮೋನಿಯದ ಉಗ್ರತೆಯೂ ಹೆಚ್ಚು. ಆಹಾರವನ್ನು ಬೇರೊಂದು ಟಬ್ಬಿನಲ್ಲಿಟ್ಟು ಉಣಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಮೈ ಒಣಗಿಸಿಕೊಳ್ಳಲು ನೀರಿನ ಮೇಲೆ ಒಂದು ಕಲ್ಲು, ಅದರ ಮೇಲೆ ಬಿಸಿಲು ಬೇಕು. ಗಾಜಿನ ಮೇಲಿನ ಹಸಿರು ಪಾಚಿಗೆ ಹೆದರಬೇಕಾದುದಿಲ್ಲ.

ಗೃಹಿಣಿಯರಿಗೆ ಒಂದು ವಿಶೇಷ ವಿಜ್ಞಾಪನೆ. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಗೊಡಬೇಡಿ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಮರಿಯಾಮೆಗಳಿಂದ ಮಕ್ಕಳಿಗೆ ಭೇದಿ ತಗುಲುತ್ತಿದ್ದುದರಿಂದಲೇ ಅಮೆರಿಕದ ಸರ್ಕಾರ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯತಕ್ಕದ್ದು.

ಕೆರೆಗೆ ಏಕೆ ಬಿಡಲಿಲ್ಲವೆಂದು ತಂಗಿ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳೆಂದು ವಿದ್ವಾಂಸರು ಮಾಡಿದ ಪಟ್ಟಿಯಲ್ಲಿ ಈ ಕೆಂಪು ಪಟ್ಟೆಯ ಆಮೆಯ ಹೆಸರಿದೆ. ನಮ್ಮ ಕೆರೆಗಿಳಿದರೆ ನಮ್ಮ ಆಮೆಗಳ ಊಟವನ್ನೂ ಬಿಸಿಲು ಕಾಯುವ ಕಲ್ಲನ್ನೂ ಅದು ಕಸಿಯುತ್ತದೆ. ತನ್ನ ರೋಗಗಳನ್ನೂ ಕೊಡಬಹುದು. ನಮ್ಮ ಬೇಸರದ ಸಾಲವನ್ನು ನರಸೀಪುರದ ಕೆರೆ ಏಕೆ ತೀರಿಸಬೇಕು? ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕಾಗಿತ್ತು. ಚೆನ್ನಾಗಿ ಸಾಕಿದರೆ ಇದರ ಆಯುಸ್ಸು ಇಪ್ಪತ್ತೈದು ಮೂವತ್ತು ವರ್ಷ. ನಾವು ಕೆಲಸದಿಂದ ನಿವೃತ್ತರಾದ ಮೇಲೂ ಇದು ಇರತಕ್ಕದ್ದು.

ಕಣ್ಣು ತೆರೆಯಲು ಐದು ವಾರ ಹಿಡಿಯಿತು. ಇಂದು ಅದರ ಚಿಪ್ಪು ಎಂಟು ಅಂಗುಲ, ತೊಟ್ಟಿ 350 ಲೀಟರು. ಹುಡುಗ ಓದಿಗೆಂದು ಪರಸ್ಥಳಕ್ಕೆ ಹೋಗಿದ್ದಾನೆ. ಭಾನುವಾರದ ಬಕೆಟುಗಳು ನಮ್ಮ ಪಾಲಿಗೆ ಬಂದಿವೆ. ತೆಗೆದ ನೀರನ್ನು ದಾಸವಾಳದ ಬುಡಕ್ಕೆ ಹಾಕುತ್ತೇವೆ. ಪಕ್ಕದ ಮನೆಯವರು ಗೊಬ್ಬರ ಯಾವುದೆಂದು ಕೇಳುತ್ತಿದ್ದಾರೆ.