ಮೀನಿನ ಹೊಂಡವೂ ಮಕ್ಕಳ ಓದೂ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯ ಮೇಲೆ ನಿಂತವರು ಕನ್ನಡದ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಸಮರ್ಥರು ಈಗಾಗಲೇ ನೆರವೇರಿಸಿದ್ದಾರೆ. ನಾವು ಮಾತನಾಡಬೇಕೆಂದಿರುವುದು ಮೀನು ಸಾಕಣೆಯನ್ನು ಕುರಿತು. ಇಲ್ಲಿ ನೆರೆದವರಲ್ಲಿ ಅನೇಕರ ಮನೆಗಳಲ್ಲಿ ಮೀನು ಹೊಸ್ತಿಲು ದಾಟುವುದಿಲ್ಲವೆಂಬುದನ್ನು ನಾವು ಬಲ್ಲೆವು. ಮೀನನ್ನು ಉಣ್ಣಿರೆಂದು ಹೇಳಲು ನಾವು ಬಂದಿಲ್ಲ. ಮೀನಿನ ಮೇಲೆ ಬರೆದ ಒಂದು ಪುಟವನ್ನು ನಮ್ಮ ಮಕ್ಕಳು ಅರ್ಥವಿಟ್ಟು ಓದುವಂತಾಗಲಿ ಎಂದು ಬಿನ್ನವಿಸಿಕೊಳ್ಳಲು ಬಂದಿದ್ದೇವೆ.

ನಮ್ಮ ಮಕ್ಕಳು ಕನ್ನಡದಲ್ಲಿ ಕಥೆ ಓದುತ್ತಾರೆ, ಪದ್ಯವನ್ನು ಬಾಯಿಪಾಠ ಮಾಡಿ ರಾಗವಾಗಿ ಹೇಳುತ್ತಾರೆ. ಆದರೆ ಗೊಬ್ಬರದ ಚೀಲದ ಮೇಲಿನ ಬರಹ, ಸಾಲದ ಕಾಗದ, ಔಷಧಿಯ ಸೂಚನೆ, ಸರಕಾರದ ಯೋಜನೆಯ ಪತ್ರಕ, ಇವೆಲ್ಲ ಅವರ ಕೈಗೆ ಬರುವುದು ಬೇರೆ ಭಾಷೆಯಲ್ಲಿ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಒಡೆದಾಗ ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯದ ಪಾಲಿಗೆ ಬಂದವು. 1960ರ ಮೇ 1ರಿಂದ ಅದು ಮಹಾರಾಷ್ಟ್ರವಾಯಿತು. ಮರಾಠಿ ನಮ್ಮ ನೆರೆಮನೆಯ ಭಾಷೆ, ಸಂತೆಯ ಭಾಷೆ, ಅನೇಕರಿಗೆ ಅಜ್ಜಿಯ ತವರಿನ ಭಾಷೆ. ಅದರೊಡನೆ ನಮಗೆ ಜಗಳವಿಲ್ಲ. ನಮ್ಮ ಚಿಂತೆ ಬೇರೆ. ತೊಟ್ಟಿಲಿಗೂ ಭಜನೆಗೂ ಕನ್ನಡ, ತಿಳುವಳಿಕೆಗೆಲ್ಲ ಬೇರೊಂದು ಎಂದಾದರೆ, ಮಗು ಕನ್ನಡದ ಪುಸ್ತಕವನ್ನು ಹಿಡಿದಾಗಲೆಲ್ಲ ಅದರಲ್ಲಿ ಕೆಲಸಕ್ಕೆ ಬರುವಂಥದು ಏನೂ ಇರದೆಂದೇ ಎಣಿಸುತ್ತದೆ.

ತಿಳುವಳಿಕೆಯ ಗದ್ಯ ಕನ್ನಡಕ್ಕೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ತಂದದ್ದು 1918ರಲ್ಲಿ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು 1936ರಲ್ಲಿ ಮೂರು ಸಂಪುಟಗಳಾಗಿ ಕೊಟ್ಟರು. ಮೀನಿನ ವಿಷಯವೇ ಬೇಕೆಂದರೆ ಇನ್ನೂ ಹತ್ತಿರದ ಸಾಕ್ಷಿಯಿದೆ. ಇಲ್ಲಿಂದ ಕೆಲವೇ ಹರದಾರಿಯ ಆಚೆ, ಇಂದು ಬಸವಕಲ್ಯಾಣವೆನಿಸಿದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಪ್ರಕರಣವೇ ಇದೆ. ಕಡಲಿನವು, ಸಿಹಿನೀರಿನವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ಮೀನುಗಳನ್ನು ಅಲ್ಲಿ ವಿಂಗಡಿಸಿದೆ. ಅರಸನ ಆಸ್ಥಾನದಲ್ಲಿ ಕುಳಿತು ಮೀನಿನ ಮೈಯನ್ನು ಇಷ್ಟು ನೆಟ್ಟ ನೋಟದಿಂದ ನೋಡಿದವರ ನಾಡಿನಲ್ಲಿ ನಾವಿದ್ದೇವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು.

ಈಗ ಓದಿನ ಮಾತಿಗೆ ಬರೋಣ. 2022ರ ಅಸರ್ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ಐದನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಸುಮಾರು 43. 2024ರಲ್ಲಿ ಅದು 49ರ ಹತ್ತಿರ ಬಂದಿತು. ಇದು ಬಾಯಿಬಿಟ್ಟು ಓದುವುದರ ಲೆಕ್ಕ ಮಾತ್ರ. ಓದಿದ್ದು ಒಳಕ್ಕೆ ಇಳಿಯಿತೇ ಎಂಬುದು ಬೇರೆಯೇ ಪ್ರಶ್ನೆ. ನಾವು ಮಕ್ಕಳೊಡನೆ ಓದಿ ನೋಡಿದ ಒಂದು ಚಿಕ್ಕ ಗದ್ಯಖಂಡವನ್ನು ತಮ್ಮ ಮುಂದಿಡುತ್ತೇವೆ:

“ಹೊಂಡದ ನೀರಿನಲ್ಲಿರುವ ಹಸುರು ಸಸ್ಯಗಳು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಈ ಕೆಲಸ ನಿಲ್ಲುತ್ತದೆ. ಆದರೆ ಸಸ್ಯಗಳೂ ಮೀನುಗಳೂ ಉಸಿರಾಡುವುದು ನಿಲ್ಲುವುದಿಲ್ಲ. ಕೆಲವು ದಿನ ನಸುಕಿನಲ್ಲಿ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ರೈತನು ಕಾಣುತ್ತಾನೆ.”

ಹೊಂಡದ ಸಸ್ಯಗಳು ಹಗಲು ಏನನ್ನು ಬಿಡುತ್ತವೆ ಎಂದು ಕೇಳಿದರೆ ಎಲ್ಲ ಮಕ್ಕಳೂ ಕೈಯೆತ್ತುತ್ತಾರೆ. ಉತ್ತರ ಮೊದಲ ವಾಕ್ಯದಲ್ಲೇ ಇದೆ, ಬೆರಳಿಟ್ಟು ತೋರಿಸಬಹುದು. ನಮ್ಮ ಪರೀಕ್ಷೆಗಳ ಬಹುಪಾಲು ಪ್ರಶ್ನೆಗಳು ಈ ಜಾತಿಯವು, ಅದಕ್ಕಾಗಿಯೇ ಅವುಗಳಿಂದ ನಮಗೆ ಅಂಥ ಸಂತೋಷವಿಲ್ಲ. ಮೀನುಗಳು ನಸುಕಿನಲ್ಲೇ ಏಕೆ ಮೇಲೆ ಬಂದವು ಎಂದು ಕೇಳಿ ನೋಡಿ. ಸಭೆ ಸ್ತಬ್ಧವಾಗುತ್ತದೆ. ಹಸಿವೆಯಾಗಿದೆ ಎನ್ನುವವರು ಕೆಲವರು. ಸೂರ್ಯನನ್ನು ನೋಡಲು ಎಂದು ಒಬ್ಬ ಹುಡುಗಿ ಹೇಳಿದಳು, ಕವಿಯಾಗುವ ಲಕ್ಷಣ. ಉತ್ತರ ಯಾವ ಒಂದು ವಾಕ್ಯದಲ್ಲಿಯೂ ಇಲ್ಲ. ಎರಡನೆಯದನ್ನೂ ಮೂರನೆಯದನ್ನೂ ಕೂಡಿಸಿದರೆ ದೊರೆಯುತ್ತದೆ. ಇರುಳೆಲ್ಲ ಆಮ್ಲಜನಕ ಖರ್ಚಾಗುತ್ತ ಬಂದಿದೆ, ಹೊಸದು ಹುಟ್ಟಿಲ್ಲ. ಬೆಳಗಿನ ಬಿಸಿಲು ಬೀಳುವ ಮುನ್ನವೇ ಅದು ಎಲ್ಲಕ್ಕಿಂತ ಕಡಿಮೆ. ಈ ಕೊಂಡಿ ಒಮ್ಮೆ ಕೈಗೆ ಸಿಕ್ಕಿತೆಂದರೆ ಮುಂದಿನ ಪ್ರಶ್ನೆಯನ್ನು ಮಕ್ಕಳೇ ಹುಟ್ಟಿಸುತ್ತಾರೆ: ಎರಡು ದಿನ ಮೋಡ ಕವಿದರೆ ಏನಾದೀತು? ಗದ್ಯಖಂಡದಲ್ಲಿ ಮೋಡದ ಹೆಸರೇ ಇಲ್ಲ. ಆದರೂ ಅವರು ಸರಿಯಾಗಿ ಹೇಳುತ್ತಾರೆ.

ಇಲ್ಲಿ ತಾಯಿತಂದೆಗಳಿಗೆ ಒಂದು ಅರಿಕೆ. ಮಗು ತಡವರಿಸಿದಾಗ ಉತ್ತರವನ್ನು ಹೇಳಿಬಿಡಬೇಡಿ. ಯಾವ ಸಾಲನ್ನು ಓದಿ ಹಾಗೆಂದೆ ಎಂದು ಕೇಳಿರಿ. ಉತ್ತರಕ್ಕಿಂತ ಆ ಸಾಲಿಗೆ ಮರಳಿ ಹೋಗುವ ಅಭ್ಯಾಸ ಮುಖ್ಯ. ಅಕ್ಷರ ಬಾರದ ತಾಯಿಯೂ ಈ ಒಂದು ಪ್ರಶ್ನೆಯನ್ನು ಕೇಳಬಲ್ಲಳು.

ಪದಗಳ ವಿಷಯದಲ್ಲಿ ಗಡಿನಾಡಿನ ಮಗು ನಷ್ಟದಲ್ಲಿದೆಯೆಂದು ಹಲವರು ಹೇಳುತ್ತಾರೆ. ನಮ್ಮ ಮತ ಹಾಗಲ್ಲ. ಹೊಲದ ಹೊಂಡಕ್ಕೆ ನಮ್ಮ ಕಡೆ ಎಲ್ಲರೂ ‘ಶೇತತಳೆ’ ಎನ್ನುತ್ತಾರೆ. ಕನ್ನಡ ಪುಸ್ತಕದಲ್ಲಿ ‘ಕೃಷಿ ಹೊಂಡ’ವೆಂದಿರುತ್ತದೆ. ಹೊಂಡಕ್ಕೆ ಬಿಡುವ ಬೆರಳುದ್ದದ ಮರಿಗೆ ಮರಾಠಿಯಲ್ಲಿ ‘ಬೋಟುಕಲಿ’. ಬೋಟ ಎಂದರೆ ಬೆರಳು ಎಂದು ನಮ್ಮ ಮಗುವಿಗೆ ಗೊತ್ತು. ಆದುದರಿಂದ ಆ ಮರಿ ಎಷ್ಟು ಉದ್ದವಿರಬೇಕೆಂಬುದನ್ನು ಅದು ನಿಘಂಟು ತೆರೆಯದೆಯೇ ಊಹಿಸುತ್ತದೆ. ಎರಡು ಭಾಷೆಯ ಮಗು ಪದದೊಳಗೆ ಇಣುಕುವುದನ್ನು ಬೇಗ ಕಲಿಯುತ್ತದೆ.

ಅಂಕಿಗಳನ್ನು ಮಕ್ಕಳು ಹಾರಿಸಿ ಓದುತ್ತಾರೆ, ದೊಡ್ಡವರೂ ಕಡಿಮೆಯಲ್ಲ. “ಹೆಕ್ಟೇರಿಗೆ 5000 ಮರಿಗಳನ್ನು ಬಿಡಬಹುದು” ಎಂಬ ವಾಕ್ಯ ಬಂದಾಗ ನಿಲ್ಲಿಸಿ, 30 ಮೀಟರು ಉದ್ದ 30 ಮೀಟರು ಅಗಲದ ಹೊಂಡಕ್ಕೆ ಎಷ್ಟು ಎಂದು ಕೇಳಬೇಕು. 900 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ಒಂಬತ್ತು ಗುಂಟೆ, 450 ಮರಿಗಳು. ಐದು ಸಾವಿರವನ್ನೂ ಆ ಹೊಂಡಕ್ಕೇ ಸುರಿದರೆ ಮೊದಲಿನ ಗದ್ಯಖಂಡದ ನಸುಕು ನೆನಪಾಗಬೇಕು.

ಇನ್ನು ಎಲ್ಲಕ್ಕಿಂತ ಕಠಿಣವಾದದ್ದು, ಪುಸ್ತಕ ಹೇಳಿದ್ದು ನಮ್ಮ ನೆಲಕ್ಕೆ ಹೊಂದುತ್ತದೆಯೇ ಎಂದು ತೂಗಿ ನೋಡುವುದು. ಕಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ ತಳದಲ್ಲಿ ಮೇಯುತ್ತವೆ. ಮೂರನ್ನೂ ಕೂಡಿ ಸಾಕಿದರೆ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ವರ್ಷದಲ್ಲಿ ಒಂದೊಂದು ಮೀನು ಸುಮಾರು ಒಂದು ಕಿಲೋ ತೂಗಬಹುದು. ಹೀಗೆ ಓದುತ್ತಿದ್ದಾಗ ಒಬ್ಬ ಹುಡುಗ ಕೇಳಿದ: ನಮ್ಮ ಹೊಂಡದಲ್ಲಿ ವರ್ಷವಿಡೀ ನೀರೆಲ್ಲಿರುತ್ತದೆ? ನಾವು ಪುಸ್ತಕವನ್ನು ಕೆಳಗಿಟ್ಟೆವು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದ ಸೀಮೆ ನಮ್ಮದು. ಆ ಪುಟವನ್ನು ಬರೆದವರ ಕಣ್ಣ ಮುಂದೆ ಬತ್ತದ ಕೆರೆಯಿತ್ತು; ಹುಡುಗನ ಕಣ್ಣ ಮುಂದೆ ಮಾರ್ಚಿನಲ್ಲಿ ತಳ ಕಾಣುವ ಹೊಂಡವಿತ್ತು. ಬರೆದದ್ದು ಸುಳ್ಳಲ್ಲ, ಹುಡುಗನೂ ಸರಿ. ಆರೆಂಟು ತಿಂಗಳು ಮಾತ್ರ ನೀರು ನಿಲ್ಲುವಲ್ಲಿ ಬೆರಳುದ್ದದ ಮರಿಗಿಂತ ದೊಡ್ಡದನ್ನು, ಹಿಂದಿನ ವರ್ಷವೇ ಬೆಳೆಸಿ ಇಟ್ಟದ್ದನ್ನು, ಬಿಟ್ಟು ನೀರು ಬತ್ತುವ ಮೊದಲೇ ಹಿಡಿಯುವ ಕ್ರಮವಿದೆಯೆಂದು ಬೇರೆ ಪುಸ್ತಕದಲ್ಲಿ ಅವನೇ ಮುಂದೆ ಓದಿದ. ಒಂದು ಪುಟದ ಸಂಶಯ ಇನ್ನೊಂದು ಪುಟಕ್ಕೆ ಕರೆದೊಯ್ದದ್ದನ್ನು ಕಂಡು ನಮಗಾದ ಸಂತೋಷ, ಅವನು ನೂರಕ್ಕೆ ನೂರು ಅಂಕ ತಂದಿದ್ದರೂ ಆಗುತ್ತಿರಲಿಲ್ಲ.

ಸಂಘದ ವಾಚನಾಲಯದಲ್ಲಿ ಭಾನುವಾರದ ಒಂದು ಗಂಟೆಯನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ಅಧ್ಯಕ್ಷರಲ್ಲಿ ಪ್ರಾರ್ಥಿಸುತ್ತೇವೆ. ಮೀನೇ ಆಗಬೇಕೆಂದಿಲ್ಲ, ರೇಷ್ಮೆ, ಜೇನು, ತೊಗರಿ, ಯಾವುದೂ ಆದೀತು. ಸದ್ಯಕ್ಕೆ ಈ ರಾತ್ರಿ ದೀಪದ ಕೆಳಗೆ ಮಕ್ಕಳೊಡನೆ ಓದಲು ಒಂದು ಪರಿಚ್ಛೇದ ಕೊಡುತ್ತೇವೆ.

“ಕಟ್ಲಾ, ರೋಹು, ಮೃಗಾಲ ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಮೊಟ್ಟೆಯಿಡಲು ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. ಹೀಗಾಗಿ ಬಹುಕಾಲ ಸಾಕಣೆಗಾರರು ಮರಿಗಳಿಗಾಗಿ ನದಿಗಳನ್ನೇ ಕಾಯಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಹೀರಾಲಾಲ ಚೌಧುರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಗೆಂಡೆ ಜಾತಿಯ ಮೀನಿಗೆ ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ, ನದಿಯಿಲ್ಲದೆಯೇ ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ಈಗ ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ.”

ಹೊಳೆಯಿಂದ ದೂರವಿರುವ ಊರಿನವರಿಗೆ ಆ ದಿನದಿಂದ ಏನು ಲಾಭವಾಯಿತು? ಪರಿಚ್ಛೇದದಲ್ಲಿ ಇದಕ್ಕೆ ನೇರವಾದ ಉತ್ತರವಿಲ್ಲ. ಮಗು ಯಾವ ಸಾಲಿನ ಮೇಲೆ ಬೆರಳಿಡುತ್ತದೆಂಬುದನ್ನು ನೋಡಿ ಬರುವ ಭಾನುವಾರ ನಮಗೆ ತಿಳಿಸಿರಿ.